ಮುಗಿಲು ನೋಡಿದ ಅಂಗೈ

ನನ್ನ ಎಡಗೈ ನೋಡಿದರೆ ಯಾರಿಗೂ ಏನೂ ಅನಿಸುವುದಿಲ್ಲ. ಮಣಿಕಟ್ಟಿನ ಹತ್ತಿರ ಎಲುಬು ಸ್ವಲ್ಪ ಉಬ್ಬಿದೆ, ಅದನ್ನೂ ಬಳೆಗಳು ಮುಚ್ಚಿಬಿಡುತ್ತವೆ. ಆದರೆ ನಾನು ದಿನಾ ಬೆಳಿಗ್ಗೆ ಎದ್ದು, ಇನ್ನೂ ಹಾಸಿಗೆಯ ಮೇಲೆ ಕುಳಿತಿರುವಾಗಲೇ, ಈ ಕೈಯನ್ನು ಮುಂದೆ ಚಾಚಿ ಒಮ್ಮೆ ಮಗುಚುತ್ತೇನೆ. ನೆಲ ನೋಡುತ್ತಿದ್ದ ಅಂಗೈ ಮುಗಿಲು ನೋಡುತ್ತದೆ. ಸದ್ದಿಲ್ಲ, ನೋವಿಲ್ಲ. ಪ್ರತಿ ಸಲವೂ ನನಗೆ ಮೈ ಜುಮ್ಮೆನ್ನುತ್ತದೆ. ದೂರದ ಕ್ಷೇತ್ರಗಳಿಗೆ ಹೋಗಿಬಂದವರು, ಅಲ್ಲಿ ನಿಂತಾಗ ಕಣ್ಣು ತುಂಬಿ ಬಂತು ಎಂದು ಹೇಳುವುದನ್ನು ಕೇಳಿದ್ದೇನೆ. ಇರಬಹುದು. ನನಗೆ ನನ್ನ ಹಾಸಿಗೆಯ ಮೇಲೇ ತುಂಬಿ ಬರುತ್ತದೆ.

ನಾನು ಹುಟ್ಟಿದ್ದು ಹುಮನಾಬಾದಿನಲ್ಲಿ. ಮದುವೆಯಾಗಿ ಬಂದದ್ದು ಬಸವಕಲ್ಯಾಣಕ್ಕೆ, ಕೋಟೆಯ ಕಡೆಯ ಒಂದು ಓಣಿಗೆ. ನಮ್ಮವರದು ಕಿರಾಣಿ ಅಂಗಡಿ. ಮನೆಯಲ್ಲಿ ಅವರು, ಅತ್ತೆ, ನಾನು, ಆಮೇಲೆ ಒಬ್ಬ ಮಗಳು. ತವರಿನಲ್ಲೂ ಇಲ್ಲಿಯೂ ಕೊರಳಲ್ಲಿ ಇಷ್ಟಲಿಂಗ ಧರಿಸುವ ಪದ್ಧತಿ. ಬೆಳಿಗ್ಗೆ, ಸಂಜೆ ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿ, ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು ಬಲಗೈಯಿಂದ ನೀರೆರೆದು ಪತ್ರೆ ಏರಿಸಬೇಕು. ಎಡಗೈ ಪೀಠ, ಬಲಗೈ ಪೂಜೆ ಮಾಡುವುದು ಎಂದು ಅವ್ವ ನನಗೆ ಸಣ್ಣವಳಿದ್ದಾಗಲೇ ಕಲಿಸಿದ್ದಳು. ನಾನು ಒಂದು ದಿನವೂ ತಪ್ಪಿಸಿದವಳಲ್ಲ. ಆದರೆ ನಿಜ ಹೇಳಬೇಕೆಂದರೆ ಅದರಲ್ಲಿ ಬೆರಗೇನೂ ಇರಲಿಲ್ಲ. ಒಲೆಯ ಮೇಲೆ ಹಾಲಿಟ್ಟು ಬಂದು ಕೂರುತ್ತಿದ್ದೆ. ಕಣ್ಣು ಲಿಂಗದ ಮೇಲೆ, ಕಿವಿ ಹಾಲಿನ ಮೇಲೆ.

ತೊಂಬತ್ತರ ದಶಕದ ಕೊನೆಯ ಹೊತ್ತಿನ ಒಂದು ಶ್ರಾವಣ. ಜಿಟಿಜಿಟಿ ಮಳೆ ಹಿಡಿದಿತ್ತು. ಅಂಗಳದ ಫರಸಿಕಲ್ಲುಗಳ ಮೇಲೆ ಹಸಿರು ಪಾಚಿ ಕಟ್ಟಿತ್ತು. ನಳ ಬಂದ ದಿನ ಓಡಿ ಓಡಿ ನೀರು ತುಂಬುವುದು ನಮ್ಮ ಓಣಿಯ ರೂಢಿ. ಸೊಂಟದ ಮೇಲೆ ತುಂಬಿದ ಕೊಡ ಹೊತ್ತು ಹೊಸ್ತಿಲ ಹತ್ತಿರ ಬಂದವಳು ಜಾರಿದೆ. ಬೀಳುವಾಗ ಎಡಗೈ ಊರಿದೆ. ಕೊಡ ಢಣಢಣ ಎನ್ನುತ್ತಾ ಉರುಳಿ ತುಳಸಿಕಟ್ಟೆಗೆ ಹೋಗಿ ನಿಂತಿತು.

ಅತ್ತೆ ಒಳಗಿನಿಂದ ಓಡಿ ಬಂದರು. “ಕೊಡ ನೆಗ್ಗೀತೇನ?” ಎಂದು ಮೊದಲು ಕೇಳಿದರು. ಆಮೇಲೆ ನನ್ನ ಕೈ ನೋಡಿದರು. ಮಣಿಕಟ್ಟು ಸೊಟ್ಟಗಾಗಿತ್ತು. “ಅಯ್ಯ ಶಿವನೇ, ಕೊಡಾ ಹಾಳಾಗಿ ಹೋಗ್ಲಿ,” ಎಂದು ಅಲ್ಲೇ ಹಸಿಯಲ್ಲಿ ಕುಳಿತು ನನ್ನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡರು.

ಹುಮನಾಬಾದಿನಲ್ಲಿ ಅವ್ವನ ಮನೆಗೆ ಹತ್ತಿರವೇ ಒಬ್ಬ ಎಲುಬಿನ ಡಾಕ್ಟರು ಕೂರುತ್ತಿದ್ದರು. ಅಂದೇ ಜೀಪು ಮಾಡಿಕೊಂಡು ಹೋದೆವು. ಅವರು ಎಲುಬು ಕೂಡಿಸಿ, ಮೊಳಕೈ ದಾಟುವಂತೆ ಪ್ಲಾಸ್ಟರ್ ಹಾಕಿದರು.

ಬಟ್ಟೆ, ಭಾಂಡೆ, ಕಸ, ಎಲ್ಲವನ್ನೂ ಅತ್ತೆ ನೋಡಿಕೊಂಡರು. ಮಗಳ ಜಡೆ ಹೆಣೆಯುವುದು ನಮ್ಮವರ ಪಾಲಿಗೆ ಬಂತು. ಅವರು ಹೆಣೆದ ಎರಡು ಜಡೆಗಳಲ್ಲಿ ಒಂದು ಕೋಟೆಯ ಕಡೆ, ಇನ್ನೊಂದು ಬಸ್ ಸ್ಟ್ಯಾಂಡಿನ ಕಡೆ ಮುಖ ಮಾಡಿರುತ್ತಿತ್ತು. ಅದಕ್ಕೆಲ್ಲ ನಗಬಹುದಿತ್ತು. ನಗಲಾಗದೆ ಇದ್ದದ್ದು ಪೂಜೆಯ ಹೊತ್ತಿನಲ್ಲಿ. ಮಠದ ಸ್ವಾಮಿಗಳು, ನಾವೆಲ್ಲ ಅಜ್ಜಾವರು ಎನ್ನುವವರು, “ಬಲಗೈಯಾಗ ಇಟ್ಕೊ ತಾಯಿ, ಅಡ್ಡಿ ಇಲ್ಲ,” ಎಂದು ಹೇಳಿ ಕಳಿಸಿದ್ದರು. ಬಲಗೈಯಲ್ಲಿ ಇಟ್ಟುಕೊಂಡೆ. ಪತ್ರೆ ಏರಿಸಲು ಕೈ ಎಲ್ಲಿದೆ? ಹಿಡಿದರೆ ಏರಿಸುವಂತಿಲ್ಲ, ಏರಿಸಬೇಕೆಂದರೆ ಹಿಡಿಯುವಂತಿಲ್ಲ. ತುಂಬಿದ ಕೈ ಮುಂದಿಟ್ಟುಕೊಂಡು ಸುಮ್ಮನೆ ಅಳುತ್ತಾ ಕುಳಿತೆ. ಆಗ ಎದುರಿಗೆ ತಮ್ಮ ಪೂಜೆಗೆ ಕುಳಿತಿದ್ದ ಅತ್ತೆ ಕೈ ಚಾಚಿ ನನ್ನ ಲಿಂಗದ ಮೇಲೂ ಒಂದು ಬಿಲ್ವದಳ ಇಟ್ಟರು. ಅಂದಿನಿಂದ ದಿನಾ ಹಾಗೆಯೇ ನಡೆಯಿತು. ಅವರಿಗೆ ನಾನು ಎಷ್ಟು ಋಣಿಯೋ ಹೇಳಲಾರೆ. ಆದರೂ ಇನ್ನೊಬ್ಬರ ಕೈಯಿಂದ ಪೂಜೆ ಎಂದರೆ ಇನ್ನೊಬ್ಬರ ಬಾಯಿಂದ ಉಂಡಂತೆ. ನನ್ನ ಹಸಿವು ಹಾಗೆಯೇ ಉಳಿಯುತ್ತಿತ್ತು.

ಪ್ಲಾಸ್ಟರ್ ಬಿಚ್ಚಿದ ದಿನ ಡಾಕ್ಟರು ಹೇಳಿದರು, “ಎಲುಬು ಕೂಡ್ಯದ್ರಿ. ಜ್ವಾಕಿ ಇರ್ರಿ, ಭಾರ ಎತ್ತಬ್ಯಾಡ್ರಿ. ಆದ್ರ ಕೈ ಆಡಸ್ತಾ ಇರ್ರಿ. ಮೊಳಕೈ ಪಕ್ಕಡಿಗಿ ಹಚ್ಚಿ ಹಿಂಗ, ಪ್ರಸಾದ ಇಸ್ಕೊಳ್ಳೂ ಹಂಗ ಅಂಗೈ ತಿರುವ್ರಿ.”

ಇದರಲ್ಲಿ ಮೊದಲರ್ಧವನ್ನು ನಾವು ಗಂಟು ಕಟ್ಟಿಕೊಂಡೆವು, ಉಳಿದದ್ದನ್ನು ಅಲ್ಲೇ ಬಿಟ್ಟು ಬಂದೆವು. ಯಾಕೆಂದರೆ ಕೈ ತಿರುಗುತ್ತಲೇ ಇರಲಿಲ್ಲ. ಅಂಗೈ ಕೆಳಗೆ ಮುಖ ಮಾಡಿ ಮರದ ತುಂಡಿನ ಹಾಗೆ ನಿಂತಿತ್ತು. ತಿರುವಿದರೆ ಜೀವ ಹೋಗುವಷ್ಟು ನೋವು. ಮತ್ತೆ ಮುರಿದರೆ ಎಂಬ ಹೆದರಿಕೆ ಬೇರೆ. ಅದಕ್ಕೇ ನಾನು ಲಿಂಗದ ಮುಂದೆ ಕುಳಿತು ಹರಕೆ ಹೊತ್ತೆ. ಈ ಕೈ ಮೊದಲು ನಿನ್ನನ್ನೇ ಹಿಡಿಯಬೇಕು, ಅಲ್ಲಿಯ ತನಕ ಎಂಜಲು ಮುಸುರೆ ಏನನ್ನೂ ಮುಟ್ಟುವುದಿಲ್ಲ, ಬೇರೆ ಯಾವ ಕೆಲಸಕ್ಕೂ ಹಚ್ಚುವುದಿಲ್ಲ ಎಂದೆ. ದಿನಾ ಬಿಸಿನೀರಿನಲ್ಲಿ ತೊಳೆದು, ಕೊಬ್ಬರಿ ಎಣ್ಣೆ ಸವರಿ, ಒಗೆದ ಬಿಳಿ ಅರಿವೆಯಲ್ಲಿ ಸುತ್ತಿ, ಎದೆಗೆ ಒತ್ತಿಕೊಂಡು ತಿರುಗಾಡಿದೆ.

ಅತ್ತೆಗೆ ಇದು ಬಹಳ ಹಿಡಿಸಿತು. ಕಟ್ಟೆಯ ಮೇಲೆ ಕುಳಿತು ಪಕ್ಕದ ಮನೆಯಾಕೆಗೆ ಹೇಳುತ್ತಿದ್ದರು, “ನಮ್ಮ ಸೊಸಿ ಆ ಕೈಲೆ ಚಮಚಾ ಸೈತ ಮುಟ್ಟಾಂಗಿಲ್ಲ. ಮೊದಲ ಲಿಂಗಾನೇ ಹಿಡಿಬೇಕಂತ ಹಟ ಹಿಡದಾಳ.”

“ಪುಣ್ಯಾ ಮಾಡೀರಿ ಅಕ್ಕಾ, ಇಂಥಾ ಸೊಸಿ ಸಿಗಾಕ.”

“ಹೂಂ, ಪುಣ್ಯಾನೂ ನಂದೇ, ಭಾಂಡಿ ತಿಕ್ಕೂದೂ ನಂದೇ,” ಎಂದು ಅತ್ತೆ ನಕ್ಕರು. ಆದರೆ ದನಿಯಲ್ಲಿ ಹೆಮ್ಮೆ ಇತ್ತು.

ಮಳೆಗಾಲ ಮುಗಿಯಿತು. ದಸರೆ ಬಂದು ಹೋಯಿತು. ಅಂಗೈ ಇನ್ನೂ ನೆಲವನ್ನೇ ನೋಡುತ್ತಿತ್ತು. ಕೈ ಬೆಳ್ಳಗಾಗಿ, ತೆಳ್ಳಗಾಗಿ, ಯಾರದೋ ಕೈಯ ಹಾಗೆ ಕಾಣತೊಡಗಿತು. ಇಷ್ಟು ಭಕ್ತಿಯಿಂದ ಕಾಪಾಡಿದರೂ ಶಿವನಿಗೆ ಯಾಕೆ ಕರುಣೆ ಬರುತ್ತಿಲ್ಲ ಎಂದು ನಾನು ಒಳಗೊಳಗೇ ಮುನಿಸಿಕೊಂಡಿದ್ದೆ. ಕೊನೆಗೆ ಅತ್ತೆಯೇ ನನ್ನನ್ನು ಹೊರಡಿಸಿ ಹುಮನಾಬಾದಿಗೆ ಕರೆದುಕೊಂಡು ಹೋದರು.

ಡಾಕ್ಟರು ಎರಡೂ ಕೈ ಚಾಚಲು ಹೇಳಿದರು. ಬಲಗೈ ಮಗುಚಿತು. ಎಡಗೈ ಅಲ್ಲಾಡಲಿಲ್ಲ.

“ಈ ಕೈಲೆ ಮನ್ಯಾಗ ಏನೇನ್ ಕೆಲಸಾ ಮಾಡ್ತೀರಿ?” ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಉತ್ತರ ಕೊಟ್ಟರು. “ಏನೂ ಇಲ್ರಿ ಸಾಹೇಬ್ರ! ಹತ್ತ್ಯಾಗ ಇಟ್ಟಂಗ ಇಟ್ಟೀವ್ರಿ. ಒಂದ್ ಕಡ್ಡಿ ಎತ್ತಿಲ್ರಿ.”

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಅಮ್ಮಾ, ಕೈ ಏನು ಬಂಗಾರದ ವಡವಿ ಏನ್ರಿ, ಪೆಟ್ಟಿಗ್ಯಾಗ ಇಡಾಕ? ಆಡಸ್ರಿ ಅಂತ ಹೇಳಿದ್ದೆ. ಇನ್ನ ಎರಡು ತಿಂಗಳದಾಗ ತಿರುಗಿದ್ರ ತಿರುಗ್ತು. ಆಮ್ಯಾಲ ಕೀಲು ಹಂಗೇ ಕುಂತುಬಿಡ್ತದ. ಆಗ ನನ್ ಕೈಲೂ ಏನೂ ಆಗಂಗಿಲ್ರಿ.”

ಹಂಗೇ ಕುಂತುಬಿಡುತ್ತದೆ. ಆ ಮಾತು ನನ್ನ ಎದೆಯಲ್ಲಿ ಕುಳಿತುಬಿಟ್ಟಿತು. ಇನ್ನು ಸಾಯುವ ತನಕ ಈ ಅಂಗೈಯ ಮೇಲೆ ಲಿಂಗ ಇಲ್ಲ. ಸಾಯುವ ತನಕ ಅತ್ತೆಯೋ, ಆಮೇಲೆ ಮಗಳೋ ಪತ್ರೆ ಏರಿಸಬೇಕು.

ವಾಪಸು ಬಸ್ಸು ಹತ್ತಿದೆವು. ಹೊರಗೆ ತೊಗರಿ ಹಳದಿ ಹೂ ಬಿಟ್ಟಿತ್ತು. ದಾರಿಯ ರಾಜೇಶ್ವರ ಊರು ದಾಟಿತು. ಸಸ್ತಾಪುರ ಬಂಗ್ಲಾದಲ್ಲಿ ಬಸ್ಸು ಹೈವೇ ಬಿಟ್ಟು ನಮ್ಮೂರಿನ ಕಡೆ ತಿರುಗಿದಾಗ ಅತ್ತೆಯೂ ನನ್ನ ಕಡೆ ತಿರುಗಿದರು.

“ನಾಳಿಂದ ಹಂಚಿಗಿ ರೊಟ್ಟಿ ನೀ ಹಾಕಬೇಕು. ಈ ಕೈಲೆ.”

“ಅತ್ತೀ, ನಾ ಲಿಂಗದ ಮುಂದ ಮಾತು ಕೊಟ್ಟೀನ್ರಿ.”

“ಅಂವ ನಿನ್ನ ಕೊರಳಾಗಷ್ಟೇ ಕುಂತಾನೇನು? ನಿನ್ನ ಮಗಳ ಹೊಟ್ಟ್ಯಾಗ ಇಲ್ಲೇನು? ನನ್ನ ಹೊಟ್ಟ್ಯಾಗ ಇಲ್ಲೇನು? ಹಸ್ದ ಹೊಟ್ಟಿಗಿ ರೊಟ್ಟಿ ಹಾಕಿದ್ರ ಅವಂಗೇ ಮುಟ್ತದ. ಹರಕಿ ಮುರೀತದ ಅಂತ ಅಂಜಬ್ಯಾಡ.”

“ನೀವೇ ಓಣಿ ತುಂಬಾ ಹೇಳ್ಕೋತ ತಿರಗ್ಯಾಡಿದ್ರಲ್ರಿ, ಚಮಚಾ ಸೈತ ಮುಟ್ಟಾಂಗಿಲ್ಲಂತ?”

“ತಿರಗ್ಯಾಡಿದ್ದೆ. ಈಗ ಇದನ್ನೂ ಹೇಳ್ಕೋತ ತಿರಗ್ಯಾಡ್ತೀನಿ. ನನಗೇನು ನಾಚಿಕಿ?”

ಮರುದಿನದಿಂದ ಶುರುವಾಯಿತು. ನಮ್ಮ ಅತ್ತೆ ರೊಟ್ಟಿ ಮಾಡುವ ರೀತಿ ಹೀಗೆ. ಬಿಸಿನೀರು ಹಾಕಿ ನಾದಿದ ಜೋಳದ ಹಿಟ್ಟನ್ನು ಬಡಿದು ಬಡಿದು ದೊಡ್ಡದು ಮಾಡುವುದು, ಬಲಗೈಯಿಂದ ಎತ್ತಿ ಎಡ ಅಂಗೈ ಮೇಲೆ ಹಾಯಿಸಿಕೊಳ್ಳುವುದು, ಅಲ್ಲಿಂದ ಒಂದೇ ಸಲಕ್ಕೆ ಹಂಚಿನ ಮೇಲೆ ಮಗುಚುವುದು. ಅಂಗೈ ಮೇಲೆ, ಅಂಗೈ ಕೆಳಗೆ. ಡಾಕ್ಟರು ಮಾಡು ಎಂದದ್ದೂ ಅದನ್ನೇ ಅಲ್ಲವೆ? ಮದುವೆಯಾದಂದಿನಿಂದ ನಾನು ದಿನಾ ಮಾಡುತ್ತಿದ್ದದ್ದೂ ಅದನ್ನೇ. ಒಂದು ದಿನವಾದರೂ ಇದೊಂದು ವರ ಎಂದು ಅನಿಸಿದ್ದಿಲ್ಲ.

ಅತ್ತೆ ಬಡಿದು ಕೊಡುವರು, ನಾನು ಅಂಗೈಯಲ್ಲಿ ತೆಗೆದುಕೊಂಡು ಹಾಕಬೇಕು. ಕೈ ತಿರುಗದೆ ನಾನು ಮೈಯನ್ನೇ ತಿರುವುತ್ತಿದ್ದೆ, ಮೊಳಕೈ ಮೇಲಕ್ಕೆತ್ತಿ, ಭುಜ ಸೊಟ್ಟ ಮಾಡಿ. ಅತ್ತೆ ಒಂದು ಅರಿವೆ ಮಡಚಿ ನನ್ನ ಮೊಳಕೈಗೂ ಪಕ್ಕೆಗೂ ನಡುವೆ ಸಿಕ್ಕಿಸಿದರು. “ಈ ಅರಿವಿ ಬೀಳಬಾರ್ದು. ಬಿತ್ತಂದ್ರ ಇವತ್ತಿನ ಭಾಂಡಿ ನಿನ್ನವು.” ಅರಿವೆ ಬಿತ್ತು. ರೊಟ್ಟಿಯೂ ಬಿತ್ತು. ಭಾಂಡೆ ನನ್ನ ಪಾಲಿಗೆ ಬಂದವು. ಆ ಕೈಗೆ ಬೂದಿ ಹತ್ತಿತು, ಮುಸುರೆ ಹತ್ತಿತು. ಮೊದಲ ದಿನ ಬೂದಿ ಮೆತ್ತಿದ ಆ ಬಿಳಿ ಕೈ ನೋಡಿ ನಾನು ಬಿಕ್ಕಿ ಬಿಕ್ಕಿ ಅಳತೊಡಗಿದೆ. ಪಕ್ಕದಲ್ಲೇ ಕುಳಿತ ಅತ್ತೆ, “ಅಳು, ಅಳು. ಅಳಕೋತ ತಿಕ್ಕು. ಆ ಬೋಗುಣಿ ತಳಾ ಇನ್ನೂ ಕರ್ರಗ ಅದ,” ಎಂದರು.

ಹರಿದ ರೊಟ್ಟಿಗಳನ್ನು ಬೇಯಿಸಿ ತಾಟಿಗೆ ಹಾಕುತ್ತಿದ್ದೆವು. ಅಂಗಡಿಯಿಂದ ಉಣ್ಣಲು ಬಂದ ನಮ್ಮವರು ತಾಟನ್ನು ತಿರುವಿ ತಿರುವಿ ನೋಡುವರು.

“ಇವತ್ತಿಂದು ಯಾವ ಜಿಲ್ಲಾದ ನಕಾಶಿ?”

“ಬೀದರ, ಅಪ್ಪಾ,” ಎನ್ನುವಳು ಮಗಳು. ಶಾಲೆಯಲ್ಲಿ ಆಗ ನಕಾಶೆ ಕಲಿಸುತ್ತಿದ್ದರು.

“ಮತ್ತ ಔರಾದ ತಾಲೂಕು ಎಲ್ಲಿ ಹೋತು?”

“ಔರಾದ ಒಲ್ಯಾಗ ಬಿತ್ತು!”

ನಾನೂ ನಕ್ಕೆ. ಬಿದ್ದ ದಿನದಿಂದ ಅಷ್ಟು ಬಾಯಿ ತುಂಬ ನಕ್ಕಿರಲಿಲ್ಲ.

ಅಲ್ಲಿಂದ ಒಂದೊಂದೇ ಕರುಣೆ ನನ್ನ ಕೈಗೆ ಬರತೊಡಗಿತು. ನಾನು ಅವನ್ನು ಮನಸ್ಸಿನಲ್ಲೇ ಎಣಿಸಿಕೊಳ್ಳುತ್ತಿದ್ದೆ. ಹೆಬ್ಬೆರಳು ಮೇಲೆ ಬರುವಷ್ಟು ಕೈ ತಿರುಗಿದ ದಿನ, ಚಹಾದ ಗ್ಲಾಸು ಎಡಗೈಯಲ್ಲಿ ಹಿಡಿದೆ. ಚಹಾ ಆರಿ ತಣ್ಣಗಾಗುವ ತನಕ ಹಿಡಿದೇ ಇದ್ದೆ, ಕುಡಿಯುವುದು ಮರೆತಿತ್ತು. ಮತ್ತೊಂದು ದಿನ ಮಗಳನ್ನು ಮುಂದೆ ಕೂರಿಸಿಕೊಂಡು ಜಡೆ ಹೆಣೆದೆ. ಅವಳು ಕನ್ನಡಿಯಲ್ಲಿ ನೋಡಿಕೊಂಡು, “ಅವ್ವಾ, ಬರೋಬರಿ ಬಂದಾವ!” ಎಂದು ಓಣಿಗೆಲ್ಲ ತೋರಿಸಲು ಓಡಿದಳು. ಆ ಮೂರೆಳೆ ಕೂದಲು ನನ್ನ ಬೆರಳ ಸಂದಿಯಲ್ಲಿ ಹರಿದಾಡಿದ್ದು ಇಂದಿಗೂ ನೆನಪಿದೆ. ಇನ್ನೊಂದು ದಿನ ಮಠದ ಅಜ್ಜಾವರು ಎದುರಿಗೆ ಬಂದರು, ನನಗರಿವಿಲ್ಲದೆ ಎರಡೂ ಕೈ ಕೂಡಿದವು. ಅವರು ನನ್ನ ಕೈ ನೋಡಿ ನಕ್ಕರು. ನಾನು ಆಗ ನೋಡಿಕೊಂಡೆ. ಶರಣು ಎನ್ನಲು ಸಹ ಎರಡು ಕೈ ಬೇಕು ಎಂಬುದು, ಒಂದು ಕೈ ಹೋಗಿ ಬರುವ ತನಕ ನನಗೆ ತಿಳಿದಿರಲಿಲ್ಲ.

ಆದರೆ ಅಂಗೈ ಅಲ್ಲಿಗೆ ನಿಂತಿತು. ಹೆಬ್ಬೆರಳು ಮೇಲೆ, ಅಂಗೈ ಎದೆಯ ಕಡೆ. ಅದಕ್ಕಿಂತ ಮುಂದೆ ಹೋಗಲು ಒಲ್ಲೆ ಎಂದಿತು. ಡಾಕ್ಟರು ಕೊಟ್ಟ ಎರಡು ತಿಂಗಳು ಮುಗಿಯುತ್ತಾ ಬಂದಿತ್ತು. ಸಂಜೆ ಪೂಜೆಗೆ ಕುಳಿತಾಗ ಲಿಂಗವನ್ನು ಎಡಗೈಯಲ್ಲಿ ಇಡಲು ನೋಡುವುದು, ಅದು ಜಾರುವಂತಾಗುವುದು, ಹೆದರಿ ಮತ್ತೆ ಬಲಗೈಗೆ ತೆಗೆದುಕೊಳ್ಳುವುದು. ಅತ್ತೆ ಸುಮ್ಮನೆ ಪತ್ರೆ ಏರಿಸುವುದು.

ಅದು ಹಬ್ಬವಲ್ಲ, ಅಮಾವಾಸ್ಯೆಯಲ್ಲ, ಸೋಮವಾರವೂ ಅಲ್ಲ. ಬರೀ ಒಂದು ದಿನ. ಚಳಿ ಇತ್ತು. ಅಂದು ಅತ್ತೆಗೆ ನೆಗಡಿ, ಮೂಗು ಒರೆಸಿಕೊಳ್ಳುತ್ತಾ ಗೊಣಗುತ್ತಾ ರೊಟ್ಟಿ ಬಡಿಯುತ್ತಿದ್ದರು. ನಾನು ಮಧ್ಯಾಹ್ನಕ್ಕೆ ಪಲ್ಯ ಏನು ಎಂದು ಯೋಚಿಸುತ್ತಿದ್ದೆ. ಮೊಳಕೈಯ ಅರಿವೆ ಮರೆತುಹೋಗಿತ್ತು, ಕೈ ಮರೆತುಹೋಗಿತ್ತು. ಬಲಗೈ ರೊಟ್ಟಿ ಎತ್ತಿತು. ಎಡಗೈ ತಾನಾಗಿ ಕೆಳಗೆ ಬಂತು. ರೊಟ್ಟಿ ಅದರ ಮೇಲೆ ಬಂದು ಮಲಗಿತು.

ಬೀಳಲಿಲ್ಲ. ಹರಿಯಲಿಲ್ಲ. ನಾನು ನೋಡಿದೆ. ನನ್ನ ಅಂಗೈ ಮುಗಿಲು ನೋಡುತ್ತಿತ್ತು. ಅದರ ಮೇಲೆ ತಂಪಾದ, ತೇವವಾದ, ದುಂಡಗಿನ ರೊಟ್ಟಿ. ಅತ್ತೆಯ ಬೆರಳಿನ ಗುರುತುಗಳು ಅದರ ತುಂಬ ಇದ್ದವು. ಎಷ್ಟು ಹಗುರ! ಅದರೊಳಗೆ ಒಂದು ಹೊಲದ ಬೆಳೆ ಇದೆ, ಬೀಸಿದವರ ದುಡಿಮೆ ಇದೆ, ನಾವು ನಾಲ್ವರು ಉಣ್ಣುವ ಅನ್ನ ಇದೆ, ಮತ್ತು ಅದನ್ನು ಹೊತ್ತಿರುವುದು ನನ್ನ ಈ ಕೈ. ಇದೇ ಕೈಯನ್ನು ನಾನು ಎಣ್ಣೆ ಸವರಿ ಸುತ್ತಿಟ್ಟು ಯಾರಿಗೋ ಕಾಯುತ್ತಿದ್ದೆ. ಅವನು ಎಂದೋ ಬಂದು, ದಿನಾ ಹಂಚಿನ ಹತ್ತಿರ ಕೈ ಚಾಚಿ ಕುಳಿತಿದ್ದ. ಪೂಜೆಯಲ್ಲಿ ಇಷ್ಟು ವರ್ಷ ಬಾರದಿದ್ದದ್ದು ಒಲೆಯ ಮುಂದೆ ಬಂದಿತ್ತು.

“ಏನದು, ರೊಟ್ಟಿಗಿ ಆರತಿ ಮಾಡ್ತಿಯೇನ? ಹಂಚು ಸುಡಾಕತ್ತದ!” ಎಂದು ಗದರಿಸಿದ ಅತ್ತೆ ತಲೆಯೆತ್ತಿ ನೋಡಿದರು. ಆಮೇಲೆ ಮೆಲ್ಲಗೆ, “ಹಾಕು ಯವ್ವಾ, ಹಾಕು,” ಎಂದರು.

ಮಗುಚಿದೆ. ಮೇಲೆ ನೀರು ಸವರಿದೆ. ತಿರುವಿ ಹಾಕಿದ ಮೇಲೆ ರೊಟ್ಟಿ ಒಂದು ಕಡೆಯಿಂದ ಏಳತೊಡಗಿ, ಪೂರ್ತಿ ಉಬ್ಬಿ ನಿಂತು, ನಿಟ್ಟುಸಿರು ಬಿಟ್ಟ ಹಾಗೆ ಬಿಸಿ ಉಗಿ ಬಿಟ್ಟಿತು. ನಾನು ಕೈ ಕೂಡ ತೊಳೆಯದೆ ದೇವರ ಕೋಣೆಗೆ ಓಡಲು ಎದ್ದೆ. ಅತ್ತೆ ಸೆರಗು ಹಿಡಿದು ಕೂರಿಸಿದರು. “ಎಲ್ಲಿ ಓಡ್ತಿ? ಹಿಟ್ಟು ಒಣಗ್ತದ. ಮೊದಲ ಇವಿಷ್ಟೂ ಮುಗಸು. ಅಂವ ಎಲ್ಲೂ ಹೋಗಾಂಗಿಲ್ಲ.”

ಆ ದಿನದ ರೊಟ್ಟಿಗಳಲ್ಲಿ ಒಂದಿಷ್ಟು ಹರಿದವು, ಉಳಿದವು ದುಂಡಗೆ ಬಂದವು. ನಮ್ಮವರು ತಾಟು ನೋಡಿ, “ಅರೆ, ಇವತ್ತ ಪೂರಾ ದೇಶ ಬಂದದ!” ಎಂದರು. ಮಗಳಿಗೆ ಮಾತ್ರ ಬೇಸರ. ಅವಳಿಗೆ ನಕಾಶೆ ಬೇಕಿತ್ತು.

ಸಂಜೆ ಸ್ನಾನ ಮಾಡಿ ಕುಳಿತೆ. ಎದುರಿಗೆ ಅತ್ತೆ. ಮೊಳಕೈಯನ್ನು ಪಕ್ಕೆಗೆ ಒತ್ತಿಕೊಂಡು ಕೈ ತಿರುವಿದೆ. ಎಷ್ಟು ತೊಳೆದರೂ ಅಂಗೈಯ ಗೆರೆಗಳಲ್ಲಿ ಜೋಳದ ಹಿಟ್ಟು ಇನ್ನೂ ಬೆಳ್ಳಗೆ ಉಳಿದಿತ್ತು. ನಾನು ಒರೆಸಲು ಹೋದೆ. “ಇರ್ಲಿ ಬಿಡು,” ಎಂದರು ಅತ್ತೆ. ಲಿಂಗವನ್ನು ತೆಗೆದು ಆ ಗೆರೆಗಳ ಮೇಲೆ ಇಟ್ಟೆ.

ಕುಳಿತಿತು.

ಅತ್ತೆ ರೂಢಿಯಂತೆ ಪತ್ರೆ ಹಿಡಿದು ಕೈ ಚಾಚಿದವರು ಅರ್ಧಕ್ಕೇ ನಿಲ್ಲಿಸಿದರು. ಆ ದಳವನ್ನು ನನ್ನ ಬಲಗೈಗೆ ಕೊಟ್ಟರು. ನಾನೇ ಏರಿಸಿದೆ. ಒಲೆಯ ಮೇಲೆ ಹಾಲು ಉಕ್ಕಿ ಚರ್ ಎಂದಿತು. ಇಬ್ಬರಿಗೂ ಕೇಳಿಸಿತು. ಇಬ್ಬರೂ ಏಳಲಿಲ್ಲ.

ಕೆಲ ದಿನಗಳ ನಂತರ ಡಾಕ್ಟರಿಗೆ ತೋರಿಸಲು ಹೋದೆವು. “ಪ್ರಸಾದ ಇಸ್ಕೊಳ್ರಿ,” ಎಂದರು. ತಿರುವಿ ತೋರಿಸಿದೆ. ಡಾಕ್ಟರು ಬಹಳ ಸಂತೋಷಪಟ್ಟರು. ಆದರೆ ಕೈಯನ್ನು ಆಚೀಚೆ ಒತ್ತಿ ನೋಡಿ ಹೇಳಿದರು, “ಪೂರಾ ಸಪಾಟ ಆಗಂಗಿಲ್ರಿ. ಇಷ್ಟು ಜರಾ ಒಳಗ ಬಾಗೇ ಉಳೀತದ. ನಡೀತದಲ್ರಿ?”

ನಿಜ. ನನ್ನ ಎಡ ಅಂಗೈ ಇಂದಿಗೂ ಚೂರು ನನ್ನ ಕಡೆಗೇ ವಾಲಿಕೊಂಡಿರುತ್ತದೆ.

ಅತ್ತೆ ಪಕ್ಕದಿಂದ ಹೇಳಿದರು, “ನಡೀತದ್ರಿ ಸಾಹೇಬ್ರ, ಯಾಕ ನಡ್ಯಾಂಗಿಲ್ಲ? ಜರಾ ಬಾಗ್ಯದ ಅಂತೇ ಲಿಂಗ ಬರೋಬರಿ ಈಕಿ ಮಾರಿ ನೋಡಾಕತ್ತದ.”

ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಹೊರಡಲು ಇನ್ನೂ ಹೊತ್ತಿತ್ತು. ಕಿಟಕಿಯ ಕೆಳಗೆ ಬುಟ್ಟಿ ಹೊತ್ತು ಬಂದವನಿಂದ ಅತ್ತೆ ಹುರಿದ ಶೇಂಗಾ ಕೊಂಡರು. ಪೊಟ್ಟಣ ಬಿಚ್ಚಿ, “ಕೈ ಮಾಡು,” ಎಂದರು. ನಾನು ಎಡಗೈ ಚಾಚಿದೆ. ಬಿಸಿ ಬಿಸಿ ಶೇಂಗಾ ಅಂಗೈ ತುಂಬಿತು. ವಾಲಿದ ಕಡೆಗೆ ಎರಡು ಕಾಳು ಉರುಳಿ ನನ್ನ ಮಡಿಲಿಗೇ ಬಿದ್ದವು. ಹೊರಗೆ ಒಂದೂ ಬೀಳಲಿಲ್ಲ.